ಮೂರು ಚುಕ್ಕಿಯ ಚಾಕು

ಬೆಳಗಿನ ಐದು ಗಂಟೆಗೆ ದೇವದುರ್ಗದ ಕೋಟೆಯ ಹಿಂದಿನ ಓಣಿಯಲ್ಲಿ ಬೆಳಕಿರುವುದು ಒಂದೇ ಕಡೆ, ಅಮೀರ್ ಸಾಬರ ಕುಲುಮೆಯಲ್ಲಿ. ಹೆಂಡತಿ ಖಾಸಿಂ ಬೀ ಸೆರಗನ್ನು ಸೊಂಟಕ್ಕೆ ಬಿಗಿದು ತಿದಿಯೊತ್ತುತ್ತಿದ್ದಾರೆ. ಜಾಲಿಯ ಇದ್ದಿಲು ಉಸಿರೆಳೆದಂತೆ ಒಮ್ಮೆ ಕಪ್ಪಾಗಿ ಒಮ್ಮೆ ಕೆಂಪಾಗುತ್ತಿದೆ. ಅದರ ನಡುವೆ ಒಂದು ಗೇಣಿಗಿಂತ ಸ್ವಲ್ಪ ಉದ್ದದ ಅಲಗು ಮಲಗಿದೆ. ಹನ್ನೊಂದು ದಿನದ ಹಿಂದೆ ಅದು ರಾಯಚೂರಿನ ಗ್ಯಾರೇಜೊಂದರ ಮೂಲೆಗೆ ಬಿದ್ದಿದ್ದ ಲಾರಿಯ ಕಮಾನುಪಟ್ಟಿ. ಇಂದು ಶಿಕಾರಿ ಚಾಕು.

ಅಮೀರ್ ಸಾಬರು ಕತ್ತಲೆಯನ್ನು ಕಾದುಕೊಂಡು ಕೆಲಸ ಮಾಡುವ ಮನುಷ್ಯ. ಕಾದ ಉಕ್ಕಿನ ಬಣ್ಣ ಬಿಸಿಲಿನಲ್ಲಿ ತಿಳಿಯುವುದಿಲ್ಲ. ಹೊತ್ತು ಮೂಡಿದ ಮೇಲೆ ಅವರ ಕಣ್ಣೂ ಮೋಸಹೋಗುತ್ತದೆ. ಆದ್ದರಿಂದ ಚಾಕುವಿನ ಕೊನೆಯ ಎರಡು ಕಾವುಗಳು ನಸುಕಿನಲ್ಲೇ ಮುಗಿಯಬೇಕು. ಮೊದಲನೆಯ ಕಾವಿನಲ್ಲಿ ಹಿಡಿಯ ಹತ್ತಿರ, ಅಲಗಿನ ಬುಡಕ್ಕೆ, ಮೊನೆಯುಳಿಯಿಂದ ಮೂರು ಚುಕ್ಕಿ ಹೊಡೆಯುತ್ತಾರೆ. ಅದು ಅವರ ಗುರುತು. ಎರಡನೆಯ ಕಾವಿನಲ್ಲಿ ಕುಸುಬಿ ಎಣ್ಣೆಗೆ ಅದ್ದಿ ಹದ ಕೊಡುತ್ತಾರೆ.

ಇಂದು ಆ ಮೂರು ಚುಕ್ಕಿಗಳ ಮೇಲೆಯೇ ತಕರಾರು ಕೂತಿದೆ. ತಕರಾರು ತಂದವನು ಎದುರಿನ ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿರುವ ತಾಯಣ್ಣ. ಊರು ಅರಕೇರಾ, ಕೆಲಸ ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪು ಓಡಿಸುವುದು. ಆ ಕಚೇರಿಯ ಸಾಹೇಬರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಹಿಂದೊಂದು ಕಾಲಕ್ಕೆ ಬೇಟೆಯಾಡಿದವರಾದ್ದರಿಂದ ಅವರಿಗೊಂದು ಒಳ್ಳೆಯ ಶಿಕಾರಿ ಚಾಕು ಉಡುಗೊರೆ ಕೊಡುವುದೆಂದು ಸಿಬ್ಬಂದಿಯೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಆರಿಸಿ ತರುವ ಹೊಣೆ ತಾಯಣ್ಣನದು.

"ಕಾಕಾ, ಚಾಕು ನಿನ್ನ ಕೈಯಂದ ಇರಲಿ ಅಂತ ನಾನ ಹೇಳೀನಿ," ಎನ್ನುತ್ತಾನೆ ಅವನು. "ಆದ್ರ ಮ್ಯಾಲ ಚುಕ್ಕಿ ಬ್ಯಾಡಂತ. ರಾಯಚೂರಾಗ ಅಂಗಡಿಯವ ಫಾರಿನ್ ಹೆಸರು ಕೊರದು, ಮಕಮಲ್ಲಿನ ಡಬ್ಬಿಗೆ ಹಾಕಿ ಕೊಡ್ತಾನಂತ. ಒಳಗ ನಿಂದಿರ್ಲಿ, ಹೊರಗ ಫಾರಿನ್ ಇರ್ಲಿ."

"ಹಂಗಂದ್ರ ನಿಮ್ಮ ಸಾಹೇಬ್ರು ಕುರಿ ಕೊಯ್ಯಾದು ಡಬ್ಬಿಲೇನು?" ಎಂದು ಕೇಳುತ್ತಾರೆ ಅಮೀರ್ ಸಾಬರು, ಬೆಂಕಿಯಿಂದ ಕಣ್ಣು ಕೀಳದೆ.

ಖಾಸಿಂ ಬೀ ನಗುತ್ತಾರೆ. ಅಮೀರ್ ಸಾಬರು ನಗುವುದಿಲ್ಲ.

ಐವತ್ತೆಂಟು ದಾಟಿದ ಈ ಮನುಷ್ಯ ಮೂವತ್ತೈದು ವರ್ಷಗಳಿಂದ ಕಬ್ಬಿಣದೊಂದಿಗಿದ್ದಾರೆ. ಬಲಗೈ ಹೆಬ್ಬೆರಳಿನ ಉಗುರು ಸುಟ್ಟುಹೋಗಿ ಮತ್ತೆ ಬೆಳೆದಿಲ್ಲ. ಎಡಗಿವಿಗೆ ಸುತ್ತಿಗೆಯ ಸದ್ದು ಬಿಟ್ಟರೆ ಬೇರೆ ಹೆಚ್ಚೇನೂ ಕೇಳಿಸದು. ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ, ಗಡಿಯಾಚೆಯ ಗಿರಾಕಿ ಬಂದರೆ ಹರಕು ತೆಲುಗು. ಓದು ಬರೆಹ ಯಾವುದರಲ್ಲೂ ಇಲ್ಲ. ಕೃಷ್ಣೆಯ ದಂಡೆಯ ಕುರುಚಲಿನಲ್ಲಿ ಹಂದಿ ಬೇಟೆ ಬಿರುಸಾಗಿದ್ದ ದಿನಗಳಲ್ಲಿ ಇವರ ಚಾಕುವಿಲ್ಲದೆ ಹೊರಡುತ್ತಿದ್ದ ಗುಂಪು ಈ ಸೀಮೆಯಲ್ಲಿ ಅಪರೂಪ. ಎಪ್ಪತ್ತೆರಡರಲ್ಲಿ ಕಾಯ್ದೆ ಬಂತು, ಶಿಕಾರಿ ನಿಂತಿತು. ಆದರೆ ಶಿಕಾರಿ ಚಾಕು ನಿಲ್ಲಲಿಲ್ಲ. ಕಾಡಿನಿಂದ ಹೊರಬಿದ್ದು ಅಧಿಕಾರಿಗಳ ಬೈಠಕ್ ಖಾನೆಯ ಗೋಡೆ ಸೇರಿತು. ವರ್ಗವಾದವರಿಗೆ, ಬಡ್ತಿ ಪಡೆದವರಿಗೆ, ನಿವೃತ್ತರಾದವರಿಗೆ ಸಾವುಕಾರರು ಕೊಡುವ ಕಾಣಿಕೆಯಾಯಿತು. ಹಂದಿಯನ್ನೇ ಕಾಣದ ಕೈಗಳು ಅದನ್ನು ಕೊಂಡವು, ಹಂದಿಯನ್ನೇ ಕಾಣದ ಕೈಗಳು ಅದನ್ನು ಪಡೆದವು.

"ಇನ್ನೂರಾ ಹತ್ತಕ್ಕ ಎಣಿಸಾದು ಬಿಟ್ಟೆ," ಎನ್ನುತ್ತಾರೆ ಅವರು. "ಎಲ್ಲೆಲ್ಲಿ ಅದಾವೋ, ಯಾರ್ಯಾರ ಮನ್ಯಾಗ ಅದಾವೋ, ಅಲ್ಲಾಗ ಗೊತ್ತು."

ತಾಯಣ್ಣ ಕಾಯುತ್ತ ಕುಳಿತಿರುವಾಗ ಅವರು ಗೋಣಿಚೀಲದ ಸುರುಳಿ ಬಿಚ್ಚಿ ತಮ್ಮದೇ ಬಳಕೆಯ ಒಂದು ಹಳೆಯ ಚಾಕುವನ್ನು ತೆಗೆದು ಕಲ್ಲಿನ ಮೇಲೆ ಇಡುತ್ತಾರೆ. ಕೈಗೆ ಕೊಡುವುದಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಮನಸ್ಸು ಮುರಿಯುತ್ತದೆಂಬುದು ಈ ಕಡೆಯ ನಂಬಿಕೆ. ಕೊಡುವವನು ನೆಲಕ್ಕಿಡಬೇಕು, ಪಡೆಯುವವನು ಬಾಗಿ ಎತ್ತಿಕೊಳ್ಳಬೇಕು. ತಾಯಣ್ಣ ಬಾಗುತ್ತಾನೆ.

"ಹೊಳಪು ನೋಡಬ್ಯಾಡ. ಹೊಳಪು ತಗಡಿಗೂ ಇರ್ತದ," ಎಂದು ಪಾಠ ಮೊದಲಾಗುತ್ತದೆ. "ಹಿಡಿ ಹತ್ತಿರ ಒಂದು ಬೆರಳಿನ ಮ್ಯಾಲ ಇಡು. ತೂಗಿ ನಿಲ್ಲಬೇಕು. ಮುಂದ ವಾಲಿದ್ರ ಕೈ ಸೋಲ್ತದ, ಹಿಂದ ವಾಲಿದ್ರ ಏಟು ಬೀಳಂಗಿಲ್ಲ. ಈಗ ಉಗುರಿಲೆ ಬಡಿ. ಹಾಂ, ಆ ದನಿ ಕೇಳು. ಟಣ್ ಅಂತ ಉದ್ದಕ ಹೋಗಬೇಕು. ಥಪ್ ಅಂದ್ರ ಒಳಗ ಬಿರುಕು ಅದ. ಹಿಡಿ ಒಳಗ ಕಬ್ಬಿಣ ಎಲ್ಲೀತನಾ ಹೋಗ್ಯದ ಅಂತ ಕೇಳು. ಅರ್ಧಕ್ಕ ನಿಂತಿದ್ರ ಅದು ಗ್ವಾಡಿಗೆ ತೂಗಹಾಕೋ ಚಾಕು. ತುದೀತನಾ ಹೋಗಿ, ಎಮ್ಮಿ ಕೋಡಿನ ಹಿಡಿ ಹಾಕಿದ್ರ ಮಮ್ಮಕ್ಕಳ ಕಾಲಕ್ಕೂ ಅಳ್ಳಾಡಂಗಿಲ್ಲ."

"ಇಷ್ಟೆಲ್ಲಾ ನನ್ನ ಹೇಣ್ತಿ ಆರಿಸುವಾಗ್ಲೂ ನೋಡಿದ್ದಿಲ್ಲ ಕಾಕಾ," ಎನ್ನುತ್ತಾನೆ ತಾಯಣ್ಣ.

"ಆಕೀನೂ ನೋಡಿದ್ದಿಲ್ಲ ಬಿಡಪ್ಪಾ. ನೋಡಿದ್ರ ನಿನ್ನ ಎಲ್ಲಿ ಮಾಡ್ಕೊಂತಿದ್ಲು?" ಎಂದು ತಿದಿಯ ಕಡೆಯಿಂದ ಖಾಸಿಂ ಬೀ ಮಾತು ಎಸೆಯುತ್ತಾರೆ.

ಇದೇ ಪಾಠವನ್ನು, ಇದೇ ಕಲ್ಲಿನ ಮೇಲೆ, ಅಮೀರ್ ಸಾಬರು ಐದು ವರ್ಷದ ಹಿಂದೆ ಇನ್ನೊಬ್ಬರಿಗೆ ಹೇಳಿದ್ದರು. ಅದು ೧೯೭೯. ಸಿರವಾರದಲ್ಲಿ ಅಕ್ಕಿ ಗಿರಣಿಯಿದ್ದ ಗಡಿಗೆಪ್ಪ ಸಾವುಕಾರರು ಕಾಲುವೆಯ ನೀರು ಬಿಡುವ ಅಧಿಕಾರಿಯೊಬ್ಬರಿಗೆ ಬೀಳ್ಕೊಡುಗೆಯ ಕಾಣಿಕೆ ಹುಡುಕಿಕೊಂಡು ಬಂದಿದ್ದರು. ಗಡಿಗೆಪ್ಪ ದಡ್ಡರಲ್ಲ, ಹೇಳಿದ್ದನ್ನು ಕೇಳಿದರು, ತೂಗಿ ನೋಡಿದರು, ಬಡಿದು ನೋಡಿದರು. ನಾಲ್ಕು ಚಾಕುಗಳಲ್ಲಿ ಕಣ್ಣಿಗೆ ಮಂಕಾದ, ದನಿಗೆ ಉದ್ದವಾದ ಒಂದನ್ನೇ ಆರಿಸಿ ಎತ್ತಿಕೊಂಡರು. ತಾವು ಅಷ್ಟು ಚೆನ್ನಾಗಿ ಮಾಡಿದ್ದನ್ನು ಅಷ್ಟು ಚೆನ್ನಾಗಿ ಆರಿಸಿದವನನ್ನು ಅಮೀರ್ ಸಾಬರು ಅದುವರೆಗೆ ಕಂಡಿರಲಿಲ್ಲ. ಆ ದಿನ ಮನೆಗೆ ಸೇರು ಮಾಂಸ ತಂದರೆಂದು ಖಾಸಿಂ ಬೀ ನೆನೆಯುತ್ತಾರೆ.

ಚಾಕು ರಾಯಚೂರಿಗೆ ಹೋಯಿತು. ಮೆರುಗು ಕೊಡುವ ಅಂಗಡಿಯವನು ಮೂರು ಚುಕ್ಕಿಗಳನ್ನು ನೋಡಿ, ಹಳ್ಳಿ ಕಮ್ಮಾರನ ಗುರುತು ಸಾಹೇಬರ ಕೈಗೆ ಶೋಭೆಯಲ್ಲವೆಂದ. ಗಡಿಗೆಪ್ಪ ಹೂಂ ಅಂದರು. ಅಂಗಡಿಯವರು ಕರೆಂಟಿನ ಸಾಣೆಚಕ್ರಕ್ಕೆ ಹಿಡಿದು ಚುಕ್ಕಿ ಉಜ್ಜಿದರು. ಉಜ್ಜಿದಲ್ಲಿ ತಗ್ಗು ಬಿತ್ತು. ತಗ್ಗು ಕಾಣಬಾರದೆಂದು ಇಡೀ ಅಲಗನ್ನೇ ಚಕ್ರಕ್ಕೆ ಒತ್ತಿ ಸಮಮಾಡಿದರು. ನೀರು ತೋರಿಸಲಿಲ್ಲ, ಆರಲು ಬಿಡಲಿಲ್ಲ. ಕನ್ನಡಿಯ ಹಾಗೆ ಹೊಳೆಯತೊಡಗಿದ ಅಲಗಿನೊಳಗೆ ಹದ ಸತ್ತುಹೋಗಿತ್ತು.

ಬೀಳ್ಕೊಡುಗೆಯ ದಿನ ಪ್ರವಾಸಿ ಬಂಗಲೆಯ ಅಂಗಳದಲ್ಲಿ, ನೂರು ಜನರೆದುರು, ಅಧಿಕಾರಿ ನಗುನಗುತ್ತ ಆ ಚಾಕುವನ್ನು ಸುಲಿದ ಕುರಿಯ ತೊಡೆಗೆ ಹಾಕಿದರು. ಎಲುಬಿಗೆ ತಾಗಿದ ಬಾಯಿ ತಗಡಿನಂತೆ ಮಡಚಿಕೊಂಡಿತು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

ಮುಂದಿನ ಶನಿವಾರ ದೇವದುರ್ಗದ ಸಂತೆ ತುಂಬಿದ್ದ ಹೊತ್ತಿಗೆ ಗಡಿಗೆಪ್ಪ ಜೀಪಿನಿಂದಿಳಿದರು. ಚಾಕುವನ್ನು ಕಲ್ಲಿನ ಮೇಲೆ ಇಡಲಿಲ್ಲ. ಅಮೀರ್ ಸಾಬರ ಮಡಿಲಿಗೆ ಎಸೆದರು.

"ಏ ಸಾಬ, ನನ್ನ ಮಾನ ತಗದೆಲ್ಲೋ! ಕಬ್ಬಿಣ ಅಂತ ತಗಡು ಮಾರ್ತೀಯೇನು?"

ಅಮೀರ್ ಸಾಬರು ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಚುಕ್ಕಿಗಳಿದ್ದ ಜಾಗದಿಂದ ಬಾಯಿಯವರೆಗೆ, ಮೆರುಗಿನ ಅಡಿಯಲ್ಲಿ, ಪಾರಿವಾಳದ ಕತ್ತಿನಂಥ ನೀಲಿ ನೆರಳು ಹಬ್ಬಿತ್ತು. ಹದ ಕೊಡುವಾಗ ಬಣ್ಣಗಳು ಸರದಿಯಂತೆ ಬರುತ್ತವೆ. ಮೊದಲು ಒಣ ಜೋಳದ ದಂಟಿನ ಹಳದಿ, ಅನಂತರ ಬೆಲ್ಲದ ಕಂದು, ಆಮೇಲೆ ಬದನೆಕಾಯಿ ಬಣ್ಣ, ಕಡೆಗೆ ಪಾರಿವಾಳದ ನೀಲಿ. ಚಾಕುವಿನ ಬಾಯಿ ಬೆಲ್ಲದ ಬಣ್ಣದಲ್ಲೇ ನಿಲ್ಲಬೇಕು. ನೀಲಿ ಬಂದರೆ ಅದು ಚಾಕುವಾಗಿ ಉಳಿಯುವುದಿಲ್ಲ.

"ಸಾವುಕಾರ್ರ, ಇದನ್ನ ನೀವು ಸುಟ್ಟೀರಿ. ನೋಡ್ರಿ ಇಲ್ಲಿ, ನೀಲಿ ನೋಡ್ರಿ," ಎಂದರು.

"ನನ್ನ ಚಾಕು ನಾನ್ಯಾಕ ಸುಡ್ಲೋ? ಮಿಸೀನಿನಾಗ ಮೆರುಗು ಹಾಕಸೀನಿ. ಮಿಸೀನು ಕೆಡಸ್ತದ, ನಿನ್ನ ಸುತ್ತಿಗಿ ಮಾಡ್ತದ, ಅಲ್ಲೇನು?"

ಸಂತೆ ಗಡಿಗೆಪ್ಪನ ಮಾತನ್ನೇ ನಂಬಿತು. ಯಂತ್ರಕ್ಕೆ ಬಾಯಿಲ್ಲ, ಆದ್ದರಿಂದ ಅದು ಸುಳ್ಳಾಡಲಾರದು. ಅಮೀರ್ ಸಾಬರಿಗೆ ಬಾಯಿತ್ತು. ಇನ್ನೂರಕ್ಕೂ ಮಿಕ್ಕ ಒಳ್ಳೆಯ ಚಾಕುಗಳಿಗೆ ಮಾಡಿದವನ ಹೆಸರು ಬೇಕಾಗಿರಲಿಲ್ಲ. ಕೆಟ್ಟ ಒಂದಕ್ಕೆ ಮಾತ್ರ ಹೆಸರು, ಓಣಿ, ಜಾತಿ ಎಲ್ಲವೂ ಸಿಕ್ಕಿತು. ಮಾನ್ವಿಯವರೆಗೂ ಸುದ್ದಿ ನಡೆಯಿತು. ಆ ವರ್ಷ ಶಿಕಾರಿ ಚಾಕು ಕೇಳಿಕೊಂಡು ಒಬ್ಬರೂ ಬರಲಿಲ್ಲ, ಮರುವರ್ಷವೂ ಬರಲಿಲ್ಲ.

ಈಗ ಅವರು ವಾರಕ್ಕೊಮ್ಮೆ ಸಾಣೆಕಲ್ಲು ಹೊತ್ತು ಮಾನ್ವಿಯ ಸಂತೆಗೆ ಹೋಗಿ ನಲವತ್ತು ಕುಡಗೋಲುಗಳಿಗೆ ಸಾಣೆ ಹಿಡಿಯುತ್ತಾರೆ. ಬಾಗಲವಾಡದಿಂದ ಬರುವ ಕೂಲಿಯ ಹೆಂಗಸರು ಸುತ್ತ ಕೂತು ಅವಸರ ಮಾಡುತ್ತಾರೆ. ಕಳೆದ ವಾರ ಕರೆಮ್ಮನೆಂಬ ಮುದುಕಿ, "ಲಗೂನ ಮಾಡೋ ಯಪ್ಪಾ, ನೀನೇನು ಮದುವಿ ಗಂಡಿಗೆ ಕಟಾರಿ ಮಸಿಯಾಕತ್ತೀಯೇನು?" ಎಂದು ಕೇಳಿದಳಂತೆ. ಅವಳ ಕುಡಗೋಲಿಗೂ ಅವರು ಬೆರಳಿಟ್ಟು ತೂಕ ನೋಡಿದ್ದರು. ಕೈ ಕಲಿತ ಚಟ, ಬಿಡುವುದಿಲ್ಲ.

ಕೆಟ್ಟ ಆ ಚಾಕು ಇಂದಿಗೂ ಮನೆಯಲ್ಲಿದೆ. ಮತ್ತೆ ಕಾಸಿ ಹದ ಕೊಟ್ಟು ಸರಿಮಾಡಲು ಅವರಿಗೊಂದು ನಸುಕು ಸಾಕಿತ್ತು. ಮಾಡಲಿಲ್ಲ. ಮಡಚಿದ ಬಾಯಿ ಮಡಚಿದಂತೆಯೇ, ನೀಲಿ ನೀಲಿಯಾಗಿಯೇ, ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ. ಎಂದಾದರೂ ಕಬ್ಬಿಣ ಬಲ್ಲವನೊಬ್ಬ ಬಂದರೆ ತೋರಿಸಬೇಕೆಂಬ ಆಸೆ. ಐದು ವರ್ಷದಲ್ಲಿ ಅಂಥವನು ಬಂದಿಲ್ಲ.

ಮೂಡಣ ಬೆಳ್ಳಗಾಗುತ್ತಿದೆ. ಅಲಗು ಕುಂಕುಮದ ಕೆಂಪಿಗೆ ಬಂದಿದೆ. ಚುಕ್ಕಿ ಹೊಡೆಯುವುದಿದ್ದರೆ ಈಗಲೇ ಹೊಡೆಯಬೇಕು. ಖಾಸಿಂ ಬೀ ತಿದಿ ನಿಲ್ಲಿಸಿ ಗಂಡನ ಮುಖ ನೋಡುತ್ತಾರೆ. ಈ ವರ್ಷ ಬಂದಿರುವ ಶಿಕಾರಿ ಚಾಕುವಿನ ಗಿರಾಕಿ ಇವನೊಬ್ಬನೇ ಎಂಬುದು ಇಬ್ಬರಿಗೂ ಗೊತ್ತು.

"ಕಾಕಾ, ಚುಕ್ಕಿ ಇಲ್ಲದಿದ್ರ ಚಕ್ರಕ್ಕ ಹಿಡಿಯಾದೇ ಇಲ್ಲಲ್ಲ? ಹದ ಕೆಡಂಗಿಲ್ಲ, ಬಿಡು," ಎಂದು ತಾಯಣ್ಣ ಬೇಡುವ ದನಿಯಲ್ಲಿ ಹೇಳುತ್ತಾನೆ.

ಮಾತಿನಲ್ಲಿ ನ್ಯಾಯವಿದೆ. ಅಮೀರ್ ಸಾಬರು ಇಕ್ಕಳದಿಂದ ಅಲಗನ್ನೆತ್ತಿ ಅಡಿಗಲ್ಲಿಗಿಡುತ್ತಾರೆ. "ಹೌದಪ್ಪಾ. ಹದ ಕೆಡಂಗಿಲ್ಲ. ಆದ್ರ ಹತ್ತು ವರ್ಷಕ್ಕ ಅದರ ಬಾಯಿ ಮೊಂಡ ಆಗ್ತದ. ಆವಾಗ ನಿಮ್ಮ ಸಾಹೇಬ್ರು ಯಾರನ್ನ ಕೇಳ್ಕೊಂತ ಬರಬೇಕು? ಡಬ್ಬೀನ?"

ಮೊನೆಯುಳಿ ಅಲಗಿನ ಬುಡಕ್ಕೆ ಕೂರುತ್ತದೆ. ಟಕ್. ಟಕ್. ಟಕ್.

ಉಕ್ಕು ಮತ್ತೆ ಬೆಂಕಿಗೆ ಹೋಗುತ್ತದೆ, ಬೆಂಕಿಯಿಂದ ಎಣ್ಣೆಗೆ ಹೋಗುತ್ತದೆ. ಹೊಗೆಯೊಳಗೆ ಕುಸುಬಿಯ ಕಮಟು ಏಳುತ್ತದೆ. ಅಲಗಿನ ಬೆನ್ನನ್ನು ಕೆಂಡಕ್ಕೆ ತೋರಿಸಿ, ಬಣ್ಣಗಳು ಒಂದೊಂದಾಗಿ ಬಾಯಿಯ ಕಡೆಗೆ ಇಳಿಯುವುದನ್ನು ಅವರು ಉಸಿರು ಹಿಡಿದು ನೋಡುತ್ತಾರೆ. ಜೋಳದ ದಂಟು, ಬೆಲ್ಲ. "ಬಸ್!" ಎಂದೊಡನೆ ಖಾಸಿಂ ಬೀ ನೀರು ಮುಂದೊಡ್ಡುತ್ತಾರೆ.

ತಾಯಣ್ಣ ಹಳೆಯ ಚಾಕುವನ್ನು ಕಲ್ಲಿನ ಮೇಲಿಟ್ಟು ಎದ್ದು ನಿಲ್ಲುತ್ತಾನೆ. "ನಾ ಬರೀ ಡ್ರೈವರ್ ಕಾಕಾ. ಮ್ಯಾಲಿನವ್ರು ಹೇಳಿದ್ದು ಮಾಡ್ಬೇಕು. ಸಿಟ್ಟಾಗಬ್ಯಾಡ."

"ನಿನ್ನ ಮ್ಯಾಲ ಯಾತರ ಸಿಟ್ಟೋ? ಚಾ ಕುಡದು ಹೋಗು."

ಚಹಾ ಕುಡಿದು ಅವನು ಬರಿಗೈಯಲ್ಲಿ ರಾಯಚೂರಿನ ಮೊದಲ ಬಸ್ಸು ಹಿಡಿಯುತ್ತಾನೆ. ಸಾಹೇಬರಿಗೆ ಈ ತಿಂಗಳ ಕೊನೆಗೆ ಮಕಮಲ್ಲಿನ ಡಬ್ಬಿಯಲ್ಲಿ ಅಂಗಡಿಯದೇ ಚಾಕು ಸಿಗಲಿದೆ. ಅದರ ಹಿಡಿಯೊಳಗಿನ ಕಬ್ಬಿಣ ಎಲ್ಲಿಯವರೆಗೆ ಹೋಗಿದೆಯೆಂದು ಯಾರೂ ಕೇಳುವುದಿಲ್ಲ.

ಖಾಸಿಂ ಬೀ ಇದ್ದಿಲಿನ ಮೇಲೆ ನೀರು ಚಿಮುಕಿಸುತ್ತಾರೆ. ಉಳಿದದ್ದು ನಾಳೆಯ ಕುಡಗೋಲುಗಳಿಗೆ ಬೇಕು. ಅಮೀರ್ ಸಾಬರು ಹೊಸ ಅಲಗಿನ ಬುಡವನ್ನು ಹೆಬ್ಬೆರಳಿನಿಂದ ತಡವುತ್ತಾರೆ. ನಿಮಗೇನು ಬೇಕು ಎಂದು ಕೇಳಿದರೆ ದುಡ್ಡು, ಹೊಸ ತಿದಿ, ಸರ್ಕಾರದ ಸಹಾಯ ಯಾವುದೂ ಅವರ ಬಾಯಿಗೆ ಬರುವುದಿಲ್ಲ.

"ಕೊಟ್ಟ ಚಾಕು ಒಮ್ಮೆರೆ ಸಾಣಿಗೆ ತಿರುಗಿ ಬರಬೇಕ್ರಿ," ಎನ್ನುತ್ತಾರೆ ಕೊನೆಗೆ. "ಹ್ಯಾಂಗ ಬಾಳ್ಯದ ಅಂತ ನೋಡಬೇಕು. ಇನ್ನೂರ ಮ್ಯಾಲ ಮಾಡೀನಿ. ತಿರುಗಿ ಬಂದಿದ್ದು ಒಂದ." ಗೋಡೆಯ ಗೂಡಿನ ಕಡೆ ಅವರು ನೋಡುವುದಿಲ್ಲ. "ಅದರ ಮ್ಯಾಲ ನನ್ನ ಚುಕ್ಕಿ ಇಲ್ಲ."