ಹದಿನೈದು ತಾಸಿನ ಹಾರಾಟ, ತೆರೆಯದ ಬಾಗಿಲು

ಬೆಳಗಿನ ಆರೂವರೆ. ನ್ಯೂಯಾರ್ಕಿನಿಂದ ಮುಂಬೈಗೆ ಬಂದ ವಿಮಾನ ಖಾಲಿಯಾಗಿದೆ. ಮುನ್ನೂರು ಸೀಟುಗಳ ಮೇಲೆ ಮುದುಡಿದ ಹೊದಿಕೆಗಳು, ಬಿಸ್ಕತ್ತಿನ ಪುಡಿ. ಮಾನಮ್ಮ ಕೈಗವಸು ಎಳೆದುಕೊಂಡು ಹಿಂಬದಿಯ ಶೌಚಾಲಯಗಳ ಕಡೆ ನಡೆಯುತ್ತಾರೆ. ಹತ್ತು ಜನರ ಸ್ವಚ್ಛತಾ ತಂಡಕ್ಕೆ ಒಂದು ವಿಮಾನಕ್ಕೆ ನಲವತ್ತೈದು ನಿಮಿಷ. ದಿನಕ್ಕೆ ನಾಲ್ಕು ವಿಮಾನ.

ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಬಂದು ಹತ್ತೊಂಬತ್ತು ವರ್ಷ. ಮನೆ ಮುಂಬೈ ಹೊರವಲಯದ ದಿವಾದಲ್ಲಿ. ಗಂಡ ವಿಠಲ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಕಂಬಿಯ ಹೊರೆ ಜಾರಿ ಬಲಗೈ ಜಜ್ಜಿಹೋಯಿತು. ಅಂದಿನಿಂದ ಮನೆ ನಡೆಯುವುದು ಮಾನಮ್ಮನ ದುಡಿಮೆಯಲ್ಲೇ. ಕೆಲಸದ ಜಾಗ ಮೂವತ್ತು ಕಿಲೋಮೀಟರ್ ದೂರ. ಲೋಕಲ್ ರೈಲು, ಬಸ್ಸು, ನಡಿಗೆ ಸೇರಿ ಎರಡು ತಾಸು, ಬಹುಪಾಲು ನಿಂತೇ.

ಕಳೆದ ವರ್ಷ ಇದೇ ನ್ಯೂಯಾರ್ಕ್ ವಿಮಾನದಲ್ಲಿ ಕೊನೆಯ ಶೌಚಾಲಯದ ಬಾಗಿಲು ತೆರೆಯಲಿಲ್ಲ.

“ಮಾನಮ್ಮಾ, ಛೋಡ್ ದೋ. ಲಾಕ್ ಖರಾಬ್ ಹೈ” ಎಂದರು ಸೂಪರ್‌ವೈಸರ್ ಹಿತೇಶ್, ಚಿಲಕ ಕೆಟ್ಟಿದೆ, ಬಿಟ್ಟುಬಿಡಿ ಎಂದು.

“ಕಿವಿ ಹಚ್ಚಿದೆ. ಒಳಗ ಯಾರೋ ಏದುಸಿರು ಬಿಡ್ತಿದ್ರು” ಎನ್ನುತ್ತಾರೆ ಮಾನಮ್ಮ. 

ಹೊರಗಿನಿಂದ ಚಿಲಕ ತೆಗೆಯುವ ಉಪಾಯ ಅವರಿಗೆ ಗೊತ್ತಿತ್ತು. ತೆಗೆದು ನೂಕಿದರೆ ಒಳಗಿದ್ದವರ ಮೈಭಾರಕ್ಕೆ ಬಾಗಿಲು ಅರ್ಧವೇ ಸರಿಯಿತು. ಸಂದಿಯಲ್ಲಿ ಒಬ್ಬ ಗಂಡಸು, ಮುಖ ಬೂದಿಬಣ್ಣ, ತುಟಿ ನೀಲಿ. ಮಾನಮ್ಮ ಚೀರಿದರು. ಹಿತೇಶ್ ಡಾಕ್ಟರಿಗೆ ಫೋನು ಮಾಡುತ್ತ ಓಡಿದರು.

“ಅಮ್ಮಾ… ಉಸಿರು ಬರುದಿಲ್ಲ” ಎಂದಿತು ಆ ದನಿ, ಕನ್ನಡದಲ್ಲಿ.

“ಅಣ್ಣಾರ, ಕಣ್ಣು ಮುಚ್ಚಬ್ಯಾಡ್ರಿ. ನನ್ನ ಕೈ ಹಿಡೀರಿ” ಎಂದು ಸಂದಿಯಲ್ಲಿ ತೋಳು ತೂರಿಸಿದರು. ವೈದ್ಯರು ಬರುವವರೆಗೂ ಮಾತು ನಿಲ್ಲಿಸಲಿಲ್ಲ.

ಅವರು ಚೆನ್ನಯ. ಉಡುಪಿ ಮೂಲದವರು, ಮನೆ ಡೊಂಬಿವಲಿಯಲ್ಲಿ, ಹಡಗಿನಲ್ಲಿ ಅಡುಗೆಯವರು. ಆರು ತಿಂಗಳ ಕೆಲಸ ಮುಗಿಸಿ ಮರಳುತ್ತಿದ್ದರು. ಹನ್ನೆರಡೂವರೆ ಸಾವಿರ ಕಿಲೋಮೀಟರ್, ಹದಿನೈದು ತಾಸು, ಕಿಟಕಿ ಪಕ್ಕದ ಸೀಟು. ಪಕ್ಕದ ಇಬ್ಬರೂ ಮಲಗಿದ್ದರು, ಎಬ್ಬಿಸಲು ಸಂಕೋಚ. ನೀರೂ ಕುಡಿಯದೆ, ಒಮ್ಮೆಯೂ ಏಳದೆ ಕುಳಿತರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು. ವಿಮಾನ ಇಳಿದು ಎದ್ದು ಶೌಚಾಲಯಕ್ಕೆ ಹೋಗುವಷ್ಟರಲ್ಲಿ ಆ ಗಡ್ಡೆ ಶ್ವಾಸಕೋಶ ಸೇರಿತ್ತು.

ಡಾಕ್ಟರು ಹೇಳಿದ ಈ ಮಾತು ಮಾನಮ್ಮನನ್ನು ಇವತ್ತಿಗೂ ದಂಗುಬಡಿಸುತ್ತದೆ. “ಕುಂತ್ರೂ ಜೀವ ಹೋಗ್ತದೇನ್ರಿ? ದಿವಾ ಲೋಕಲ್‌ನ್ಯಾಗ ಕುಂದ್ರಾಕ ಜಾಗ ಸಿಕ್ರ ಸ್ವರ್ಗ ಅಂತೀವಿ ನಾವು!”

ಚೆನ್ನಯ ಬದುಕಿದರು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರ ಹೆಂಡತಿ ಹರಿಣಾಕ್ಷಿ ದಿವಾದ ಗಲ್ಲಿ ಹುಡುಕಿಕೊಂಡು ಬಂದು, “ನಿಮಗೆ ಎಂತ ಕೊಡ್ಲಿ ಅಕ್ಕ?” ಎಂದು ಕೈ ಹಿಡಿದು ಅತ್ತರಂತೆ. ಮಾನಮ್ಮ ಚಹಾ ಕುಡಿಸಿ ಕಳಿಸಿದರು.

ಚೆನ್ನಯ ಈಗ ಮತ್ತೆ ಹಡಗಿಗೆ ಹೊರಟಿದ್ದಾರೆ, ಅಷ್ಟೇ ದೂರದ ವಿಮಾನ ಹತ್ತಿ. ನಿಮಗೇನಾದರೂ ಆಸೆ ಇದೆಯೇ ಎಂದರೆ ಮಾನಮ್ಮ ಕೈಗವಸು ಕಳಚುತ್ತ ಹೇಳುತ್ತಾರೆ.

“ಒಂದೇ ರೀ. ಈ ಸಲ ಆ ಅಣ್ಣಾರು ಬಾಜೂದವರನ್ನ ಎಬ್ಬಿಸ್ಲಿ. ನಿದ್ದಿ ಹೋದ್ರ ಮತ್ತ ಬರ್ತದ.”