ಪಿಂಗಾಣಿಯ ಮೇಲೆ ಅವ್ವ

ಅವ್ವನನ್ನು ಮಣ್ಣು ಮಾಡಿ ಎರಡು ದಿನವೂ ಕಳೆದಿರಲಿಲ್ಲ, ಮಧುಗಿರಿಯಿಂದ ಅಣ್ಣ ಫೋನ್ ಮಾಡಿದ. ತಿಥಿಯ ಬದಲು ನಮ್ಮವರು ಮಾಡುವ ಶಿವಗಣಾರಾಧನೆಗೆ ಬಂದವರಿಗೆಲ್ಲ ಅವ್ವನ ಫೋಟೋ ಇರುವ ಮಗ್ ಕೊಡೋಣ ಎಂದ. "ನೀನು ಮನೇಲೇ ಮಾಡ್ತೀಯಲ್ಲ, ಹೊರಗಡೆ ಯಾಕೆ ಕೊಡ್ಬೇಕು?" ನಾನು ಮಾಡುವುದು ಒಂದು ಕೆಲಸ ಎಂದು ಅವನು ಒಪ್ಪಿಕೊಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಅದು ಅವನ ಬಾಯಲ್ಲಿ "ನಿನ್ನ ಲೋಟದಾಟ" ಆಗಿತ್ತು.

ನಮ್ಮ ಕಡೆ ಹಿರಿಯರು ಹೋದರೆ ಪೂಜೆಯ ದಿನ ಊಟ ಹಾಕಿ, ಸ್ಟೀಲ್ ತಟ್ಟೆಗೋ ಚೊಂಬಿಗೋ ಹೋದವರ ಹೆಸರು ಕೊರೆಸಿ ಬಂದವರ ಕೈಗೆ ಕೊಡುವ ರೂಢಿ ಇದೆ. ಶಿರಾದ ನಮ್ಮ ಮನೆಯಲ್ಲಿ ದಿನವೂ ನಾವು ಉಣ್ಣುವುದು ಸತ್ತವರ ಹೆಸರಿನ ತಟ್ಟೆಗಳಲ್ಲೇ. ಯಾರಿಗೂ ಅದರಿಂದ ಅನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದಿಲ್ಲ. ಅಣ್ಣ ಎಲ್ಲೋ ಯಾರದೋ ನಿವೃತ್ತಿ ಸಮಾರಂಭದಲ್ಲಿ ಫೋಟೋ ಹಾಕಿದ ಮಗ್ ಕೊಟ್ಟದ್ದನ್ನು ನೋಡಿ ಬಂದಿದ್ದ. ನಿವೃತ್ತರಾಗುವುದೂ ಲಿಂಗೈಕ್ಯರಾಗುವುದೂ ಅವನಿಗೆ ಒಂದೇ ಅನ್ನಿಸಿರಬೇಕು.

"ಅಣ್ಣ, ಅವ್ವನ ಮುಖ ಇರೋ ಲೋಟದಾಗೆ ಕುಡಿಯೋಕೆ ಯಾರಿಗೆ ಮನಸ್ಸು ಬರ್ತೈತೆ? ಎಂಜಲಾಗಲ್ವಾ?" ಎಂದು ಕೇಳಿದೆ.

"ಕುಡೀಲಿ ಅಂತ ಯಾರಂದ್ರು? ಶೋಕೇಸ್‌ನಾಗೆ ಇಟ್ಕಂತಾರೆ ಬುಡು. ಈಗೆಲ್ಲಾ ಇಂಗೇ ಕಣಮ್ಮ."

ಒಪ್ಪಿಕೊಂಡೆ. ಅವ್ವನ ಮುಖ ಬೇರೆ ಯಾರದೋ ಅಂಗಡಿಯಲ್ಲಿ, ಬೇರೆ ಯಾರದೋ ಕೈಯಲ್ಲಿ ಮೂಡುವುದು ನನಗೆ ಬೇಕಿರಲಿಲ್ಲ.

ಈ ಕೆಲಸ ಹಿಡಿದದ್ದು ಅವ್ವ ನನ್ನ ಮನೆಗೆ ಬಂದ ಮೇಲೆ. ಅವಳನ್ನು ಬಿಟ್ಟು ಹೊರಗೆ ಹೋಗುವಂತಿರಲಿಲ್ಲ, ಕೈ ಕಟ್ಟಿ ಕೂರುವುದೂ ನನ್ನ ಜಾಯಮಾನವಲ್ಲ. ಮೊಟ್ಟೆ ಹಾಕದ ಕೇಕ್ ಮಾಡಿ ಮಾರುತ್ತೇನೆಂದು ತಂದ ಓವನ್ ಮೂಲೆಯಲ್ಲಿ ಕೂತಿತ್ತು. ಕೇಕ್ ಯಾರೂ ಕೇಳಲಿಲ್ಲ. ಹುಟ್ಟುಹಬ್ಬಕ್ಕೆ ಮಕ್ಕಳ ಫೋಟೋ ಇರುವ ಮಗ್ ಎಲ್ಲರೂ ಕೇಳಿದರು. ಅದಕ್ಕೆಂದೇ ಲೇಪ ಹಾಕಿದ ಬಿಳಿ ಪಿಂಗಾಣಿ ಮಗ್ ಸಿಗುತ್ತದೆ. ಅದಕ್ಕೆಂದೇ ಇರುವ ಶಾಯಿಯಲ್ಲಿ ಫೋಟೋವನ್ನು ಕಾಗದದ ಮೇಲೆ ಎಡಬಲ ತಿರುಗಿಸಿ ಛಾಪಿಸಬೇಕು. ಮಗ್‌ಗೆ ಸುತ್ತಿ, ಶಾಖಕ್ಕೆ ಜಗ್ಗದ ಟೇಪ್ ಅಂಟಿಸಿ, ಮೇಲೊಂದು ರಬ್ಬರಿನಂಥ ಪಟ್ಟಿ ಬಿಗಿದು ಓವನ್ನಿಗೆ ಇಡಬೇಕು. ಕಾದಾಗ ಶಾಯಿ ಆವಿಯಾಗಿ ಲೇಪದೊಳಕ್ಕೆ ಇಳಿಯುತ್ತದೆ. ಪಟ್ಟಿ ಸಡಿಲವಾದರೆ ಮುಖಕ್ಕೆ ಇನ್ನೊಂದು ಮುಖದ ನೆರಳು ಬೀಳುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಬಿಳುಪು ಹಳದಿಗೆ ತಿರುಗುತ್ತದೆ. ಆ ಓವನ್ನಿನಲ್ಲಿ ಆಮೇಲೆ ತಿನ್ನುವುದನ್ನು ಬೇಯಿಸಬಾರದು. ನನ್ನ ಕೇಕಿನ ಆಸೆಗೆ ಅಲ್ಲಿಗೆ ಎಳ್ಳುನೀರು ಬಿಟ್ಟೆ.

ಅವ್ವ ಬಂದದ್ದು ಹೇಗೆ ಎಂದು ಹೇಳಬೇಕು. ಮಧುಗಿರಿಯ ಮನೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಅತ್ತಿಗೆಗೆ ಬೆನ್ನುನೋವು, ಅಣ್ಣನಿಗೆ ಅಂಗಡಿ. "ನಾಲ್ಕು ದಿನ ಇರ್ಲಿ, ಸ್ವಲ್ಪ ಓಡಾಡೋ ಹಂಗಾಗ್ಲಿ, ಕರ್ಕಂಡು ಹೋಯ್ತೀನಿ" ಎಂದು ಕಾರಿನಲ್ಲಿ ತಂದು ನನ್ನ ಮನೆ ಬಾಗಿಲಲ್ಲಿ ಇಳಿಸಿದ. ಆ ನಾಲ್ಕು ದಿನ ಮೂರು ವರ್ಷವಾಯಿತು. ಮಗನಿರುವ ತಾಯಿ ಮಗಳ ಮನೆ ಸೇರುವುದು ನಮ್ಮವರಲ್ಲಿ ಮಾನ ಹೋಗುವ ವಿಷಯ. ಮೊದಮೊದಲು ಅವ್ವ ತಟ್ಟೆಯ ಮುಂದೆ ಕೂತು ಅನ್ನವನ್ನೇ ನೋಡುತ್ತಿದ್ದಳು. ನನ್ನ ಯಜಮಾನರು ಅವಳನ್ನು ಎತ್ತಿ ಬಿಸಿಲಿಗೆ ಕೂರಿಸುತ್ತಿದ್ದರು. ಅಳಿಯನ ಕೈಯಲ್ಲಿ ಎತ್ತಿಸಿಕೊಳ್ಳಬೇಕಾಯಿತಲ್ಲ ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು. ಕಾಗದ ಕತ್ತರಿಸಿ ಕೊಡುತ್ತಿದ್ದಳು, ಕಂಡವರ ಮಕ್ಕಳ ಫೋಟೋ ನೋಡಿ "ಇದು ಅಪ್ಪನ ಪಡಿಯಚ್ಚು, ಇದು ಯಾರಂಗೂ ಇಲ್ಲ" ಎಂದು ತೀರ್ಪು ಕೊಡುತ್ತಿದ್ದಳು. ಅಣ್ಣ ಬಂದದ್ದು ಹಬ್ಬಕ್ಕೆ ಹಣ್ಣು ಹಿಡಿದು, ಅದೂ ಚಪ್ಪಲಿ ಬಿಡುವುದಕ್ಕೂ ಮೆಟ್ಟುವುದಕ್ಕೂ ನಡುವೆ ಒಂದು ಲೋಟ ಕಾಫಿಯಷ್ಟು ಹೊತ್ತು.

ಅವಳು ತೀರಿಹೋದ ಬೆಳಿಗ್ಗೆ ಅಣ್ಣ ಆಂಬುಲೆನ್ಸ್ ತರಿಸಿ ಮಧುಗಿರಿಗೆ ಕೊಂಡೊಯ್ದ. ಅಲ್ಲಿ ಬಂದವರೆಲ್ಲರ ಮುಂದೆ ಅವನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ನಾಲ್ಕು ದಿನ ಮಗಳ್ನ ನೋಡ್ಕಂಡು ಬತ್ತೀನಿ ಅಂತ ಶಿರಾಕ್ಕೆ ಹೋಗಿದ್ಲು. ಅಲ್ಲೇ ಇಂಗಾಗ್ಬುಡ್ತು." ಒಬ್ಬರಾದ ಮೇಲೆ ಒಬ್ಬರಿಗೆ, ಅದೇ ಮಾತು, ಅದೇ ನಿಟ್ಟುಸಿರು. ಹತ್ತಿರದ ನಂಟರಿಗೆ ನಿಜ ಗೊತ್ತಿತ್ತು. ಗೊತ್ತಿದ್ದವರೂ ತಲೆಯಾಡಿಸಿದರು.

ನನಗೆ ಬೇಕಿದ್ದದ್ದು ಒಂದೇ. ಅವ್ವ ಮೂರು ವರ್ಷ ತಂಗಿಯ ಹತ್ತಿರ ಇದ್ದಳು ಎಂಬ ಮಾತು ನಾಲ್ಕು ಜನರ ಮುಂದೆ ಅವನ ಬಾಯಿಂದ ಬರಬೇಕಿತ್ತು. ನೀನೇ ಹೇಳಬಹುದಿತ್ತಲ್ಲ ಎನ್ನುವವರಿದ್ದಾರೆ. ಮಗಳು ಹೇಳಿದರೆ ಅದು ಮಾಡಿದ್ದನ್ನು ಎತ್ತಿ ಆಡಿದ ಹಾಗೆ. ಮಗ ಹೇಳಿದರೆ ಮಾತ್ರ ಅದು ನಡೆದದ್ದು.

ಫೋಟೋ ಕಳಿಸು ಎಂದ. ಅವನ ಹತ್ತಿರ ಅವ್ವನ ಈಚಿನ ಫೋಟೋ ಒಂದೂ ಇರಲಿಲ್ಲ. ನನ್ನ ಫೋನಿನಲ್ಲಿ ಒಂದಿತ್ತು: ನಮ್ಮ ಹಿತ್ತಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಾ, ಹಣೆ ತುಂಬ ವಿಭೂತಿ ಧರಿಸಿ, ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಾಳೆ. ಹಿಂದೆ ನಮ್ಮ ಮನೆಯ ನೀಲಿ ಬಾಗಿಲು, ಹಗ್ಗದ ಮೇಲೆ ನನ್ನ ಯಜಮಾನರ ಅಂಗಿ. ಕಳಿಸಿದ ತಕ್ಷಣ ಫೋನ್ ಬಂತು.

"ಫೋಟೋ ಏನೋ ಚೆನ್ನಾಗೈತೆ. ಆ ಬಾಗ್ಲು ಗೀಗ್ಲು ಕಾಣ್ಬಾರ್ದು, ತೆಗ್ದಾಕು. ಹಿಂದೆ ಒಂದು ಲಿಂಗ ಹಾಕು, ಸುತ್ತ ಬಿಲ್ವಪತ್ರೆ, ಒಂದು ದೀಪ. ದೈವಿಕವಾಗಿರ್ಲಿ."

"ಬಾಗ್ಲು ಇದ್ರೆ ಏನಾಯ್ತದೆ?"

"ನೋಡ್ದೋರು ಯಾರ ಮನೆ ಇದು ಅಂತ ಕೇಳ್ತಾರೆ. ಯಾಕೆ ಬೇಕು ಅದೆಲ್ಲ?"

ಕೆಳಗೆ ಹಾಕಬೇಕಾದ ಅಕ್ಷರಗಳನ್ನೂ ಕಳಿಸಿದ್ದ. ಅವ್ವನ ಹೆಸರು, ಲಿಂಗೈಕ್ಯ ಎಂಬ ಮಾತು, ಅದರ ಕೆಳಗೆ ತನ್ನ ಹೆಸರು, ಅತ್ತಿಗೆಯ ಹೆಸರು, ಮೊಮ್ಮಕ್ಕಳು. ಮಗಳು ಅಳಿಯ ಎಂದು ಸೇರಿಸಲೇ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಸಣ್ಣಗಾದದ್ದು ನನಗೇ ಕೇಳಿಸಿತು. "ಜಾಗ ಎಲ್ಲೈತೆ? ಅಕ್ಷರ ಇರುವೆಯಂಗಾಗ್ತವೆ" ಎಂದ. ಒಂದು ಮಗ್ಗಿನ ಸುತ್ತ ಎಷ್ಟು ಜಾಗವಿದೆ ಎಂದು ಅವನು ನನಗೆ ಹೇಳಿಕೊಡುತ್ತಿದ್ದ. ಗಿರಾಕಿಯೊಬ್ಬರಿಗೆ ಒಂದೇ ಮಗ್ಗಿನ ಮೇಲೆ ಮದುವೆ ಕರೆಯೋಲೆಯನ್ನೇ ಪೂರ್ತಿ ಛಾಪಿಸಿ ಕೊಟ್ಟವಳು ನಾನು.

ನಮ್ಮವರು ಸೂತಕ ಹಿಡಿಯುವುದಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ ಕೂಡ. ಹಾಗಾಗಿ ಅವ್ವನ ಮಣ್ಣು ಆರುವ ಮೊದಲೇ ನಾನು ಓವನ್ ಹಚ್ಚಿ ಕೂತಾಗ ಯಾರೂ ಏನೂ ಅನ್ನಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನನ್ನ ಬಾಗಿಲನ್ನು ನಾನೇ ಅಳಿಸಿದೆ. ಅಂಗಿ ಅಳಿಸಿದೆ, ಕುರ್ಚಿ ಅಳಿಸಿದೆ, ಅವರೆಕಾಯಿಯೂ ಹೋಯಿತು. ಲಿಂಗ ತಂದು ಹಿಂದೆ ನಿಲ್ಲಿಸಿದೆ. ಅವ್ವ ಈಗ ಯಾವ ಊರಿನಲ್ಲೂ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ, ಕಾರಣವೂ ಇಲ್ಲದೆ ನಗುತ್ತಿದ್ದಳು.

ಮೊದಲನೆಯದನ್ನು ಇಟ್ಟ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ಅತ್ತ ಪಾವಗಡದ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕ ಹಾಸಿ ಬಿಸಿಲನ್ನೆಲ್ಲ ಹಿಡಿದು ಎಲ್ಲೆಲ್ಲಿಗೋ ಕಳಿಸುತ್ತಾರಂತೆ. ಇತ್ತ ಶಿರಾದಲ್ಲಿ ಒಂದು ಮುಖ ಬೇಯುವಷ್ಟು ಹೊತ್ತು ಕರೆಂಟ್ ನಿಲ್ಲುವುದಿಲ್ಲ. ತೆಗೆದು ನೋಡಿದರೆ ಅವ್ವ ತೊಳೆದ ಬಟ್ಟೆಯ ಹಾಗೆ ಮಸುಕಾಗಿದ್ದಳು. ಮತ್ತೆ ಸುತ್ತಿದೆ, ಮತ್ತೆ ಬಿಗಿದೆ. ಆಮೇಲಿನವು ಚೆನ್ನಾಗಿ ಬಂದವು. ಕಾಗದದ ಮೇಲೆ ಮಂಕಾಗಿರುವ ಬಣ್ಣ, ಕಾಗದ ಸುಲಿದಾಗ ಪಿಂಗಾಣಿಯ ಮೇಲೆ ಜೀವ ತುಂಬಿಕೊಂಡು ಬರುತ್ತದೆ. ಪ್ರತಿ ಸಲ ಕಾಗದ ಬಿಡಿಸುವಾಗಲೂ ಅವ್ವ ಹೊಸದಾಗಿ ನಕ್ಕಳು, ಮುಟ್ಟೋಣವೆಂದರೆ ಸುಡುತ್ತಿದ್ದಳು. ಊಟದ ಮೇಜಿನ ಮೇಲೆ ಸಾಲಾಗಿ ಆರಲು ಇಟ್ಟೆ. ಅಷ್ಟೂ ಜನ ಅವ್ವಂದಿರು, ಒಬ್ಬೊಬ್ಬರ ಕೆಳಗೂ ಅಣ್ಣನ ಹೆಸರು. ಆಗ ಅತ್ತುಬಿಟ್ಟೆ. ಸಾವಿನ ಮನೆಯಲ್ಲಿ ಬಾರದಿದ್ದ ಅಳು ಅಲ್ಲಿ ಬಂತು.

ನನ್ನ ಹೆಸರನ್ನು ಸೇರಿಸಿಬಿಡಬಹುದಿತ್ತು. ಯಂತ್ರ ನನ್ನದು, ಕೈ ನನ್ನದು, ಛಾಪಿಸಿ ತಂದ ಮೇಲೆ ಅವನೇನು ಒಡೆದು ಹಾಕುತ್ತಿದ್ದನೇ? ಆದರೆ ಹೆತ್ತ ತಾಯಿಯ ಪಕ್ಕ ನನ್ನ ಹೆಸರನ್ನು ನಾನೇ ಕಳ್ಳತನದಲ್ಲಿ ಹಾಕಿಕೊಳ್ಳಬೇಕೇ? ಅಷ್ಟು ಗತಿಗೆಟ್ಟಿರಲಿಲ್ಲ. ಅವನು ಹೇಳಿದಂತೆಯೇ ಮಾಡಿ, ಪೆಟ್ಟಿಗೆಗಳಿಗೆ ಹುಲ್ಲು ತುಂಬಿ, ಬಾಡಿಗೆ ಕಾರಿನಲ್ಲಿ ಮಧುಗಿರಿಗೆ ಒಯ್ದೆ.

ಪೂಜೆ ಒಂದು ಸಮುದಾಯ ಭವನದಲ್ಲಿ. ಊಟದ ನಂತರ ಹೋಗುವವರ ಕೈಗೆ ಬಾಗಿಲಲ್ಲಿ ಮಗ್ ಕೊಡುವುದೆಂದು ಮಾತಾಗಿತ್ತು. ಆದರೆ ಅತ್ತಿಗೆಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ಪೂಜೆ ಮುಗಿದು ಮುಂದಿನ ಸಾಲಿನಲ್ಲಿ ಪೂಜೆ ಮಾಡಿಸಿದ ಅಯ್ಯನವರು ಮತ್ತು ಹಿರಿಯರು ಕೂತಿದ್ದಾಗ, ಹೊಸ ಮಗ್‌ಗಳನ್ನು ತೊಳೆಸಿ ಅವುಗಳಲ್ಲೇ ಕಾಫಿ ತರಿಸಿದಳು. ನೋಡಲಿ ಎಂದು.

ಅಯ್ಯನವರು ವಯಸ್ಸಾದವರು. ಮಗ್ಗನ್ನು ಬಾಯಿಯವರೆಗೆ ಒಯ್ದು, ನಿಲ್ಲಿಸಿ, ತಿರುಗಿಸಿ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ದನಿ ಏರಿಸಲಿಲ್ಲ.

"ಇದೇನಪ್ಪಾ ಇದು? ಎದೆ ಮ್ಯಾಲೆ ಕಟ್ಕಳೋ ಲಿಂಗ, ಅದುಕ್ಕೆ ಬಾಯಿಟ್ಟು ಕಾಫಿ ಕುಡೀಬೇಕಾ ನಾನು? ಆ ತಾಯಿ ಹಣೆ ಮ್ಯಾಲಿರೋ ಇಬೂತಿಗೆ ನನ್ನ ಎಂಜಲಾ?"

ಮಗ್ಗನ್ನು ಕೆಳಗಿಟ್ಟರು. ಪಕ್ಕದವರು ಇಟ್ಟರು. ಒಂದು ಗುಟುಕು ಆಗಲೇ ಕುಡಿದಿದ್ದವರೊಬ್ಬರು ಏನು ಮಾಡಬೇಕೋ ತಿಳಿಯದೆ ಬಾಯಿ ಒರೆಸಿಕೊಂಡರು. ಸಾಲು ಪೂರ್ತಿ ಇಟ್ಟಿತು. ಕಾಫಿಗೆ ಕೆನೆ ಕಟ್ಟತೊಡಗಿತು. ಇಡೀ ಭವನ ಅಣ್ಣನ ಕಡೆ ತಿರುಗಿತು.

ನಾನು ಹೆಂಗಸರ ಜೊತೆ ಹಿಂದೆ ನಿಂತಿದ್ದೆ. ಅಣ್ಣನ ಕಣ್ಣು ನನ್ನನ್ನು ಹುಡುಕುವುದು ಕಾಣಿಸಿತು. ಸಿಕ್ಕಿಬಿದ್ದೆ.

"ನಂದೇನೈತೆ ಅಯ್ನೋರೆ? ಎಲ್ಲಾ ನಮ್ಮ ತಂಗೀದೇ. ಮೂರು ವರ್ಷದಿಂದ ಅವ್ವ ಇದ್ದಿದ್ದೇ ಅವಳ ಮನೇಲಿ. ಫೋಟೋ ತೆಗ್ದೋಳು ಅವ್ಳೇ, ಲೋಟ ಮಾಡಿದೋಳೂ ಅವ್ಳೇ. ನಾನು ಕಣ್ಣಲ್ಲೂ ನೋಡಿರ್ಲಿಲ್ಲ. ಅವಳನ್ನೇ ಕೇಳಿ."

ಹೇಳಿದನಲ್ಲ. ನಾಲ್ಕು ಜನ ಅಲ್ಲ, ಇಡೀ ಭವನದ ಮುಂದೆ, ಅವನ ಬಾಯಿಂದಲೇ ಬಂತು. ಮೂರು ವರ್ಷ, ಅವಳ ಮನೇಲಿ. ಹೀಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ, ಅಷ್ಟೇ. ಎಲ್ಲರೂ ಈಗ ನನ್ನನ್ನು ನೋಡುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ತಾವರೆಕೆರೆಯಿಂದ ಬಂದಿದ್ದ ನಮ್ಮ ಸೋದರತ್ತೆ ಪಕ್ಕದವರಿಗೆ ಹೇಳಿದಳು. ಪಿಸುಮಾತೆಂದುಕೊಂಡಳೇನೋ, ಎಲ್ಲರಿಗೂ ಕೇಳಿಸಿತು. "ಅದುಕ್ಕೇ ಕಣ್ರಮ್ಮ ಇಂಗಾಗಿರೋದು. ಮಗ ಇದ್ದೂ ಮಗಳ ಮನೆ ಅನ್ನ ತಿಂದು ಸತ್ರೆ ಇನ್ನೇನಾಯ್ತದೆ? ಆ ಜೀವಕ್ಕೆ ನೆಮ್ಮದಿ ಇಲ್ಲ." ಹೆಂಗಸರು ಲೊಚಗುಟ್ಟಿದರು. ಮೂರು ವರ್ಷ ಮೈ ತೊಳೆದು, ತಲೆ ಬಾಚಿ, ತುತ್ತು ಇಟ್ಟದ್ದು ಅಷ್ಟು ಬೇಗ ಒಂದು ದೋಷವಾಯಿತು.

ನಾನು ಮುಂದೆ ಹೋದೆ. "ಹೌದು ಅಯ್ನೋರೆ, ಅವ್ವ ನನ್ನ ಹತ್ರಾನೇ ಇದ್ಲು. ನಾನು ತೆಗ್ದ ಫೋಟೋದಾಗೆ ಲಿಂಗ ಇರ್ಲಿಲ್ಲ. ಹಾಕು ಅಂದೋನು ನಮ್ಮಣ್ಣ" ಎಂದೆ. ಅಯ್ಯನವರು ಕೈ ಎತ್ತಿದರು. "ಇರ್ಲಿ ಬುಡವ್ವ. ಆಗಿದ್ದಾಯ್ತು. ಅವನ್ನ ಒಂದು ಕಡೆ ತೆಗ್ದಿಡು, ಕಾಲಿಗೆ ಸಿಕ್ಕಬಾರ್ದು." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಲ್ಲಿಗೆ ಮಾತು ಮುಗಿಯಿತು, ಎಲೆ ಹಾಕಿದರು. ಸ್ಟೀಲ್ ಲೋಟದಲ್ಲಿ ನೀರು ಬಂತು.

ನಾನು ಊಟಕ್ಕೆ ಕೂರಲಿಲ್ಲ. ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಾಫಿ ಚೆಲ್ಲಿ ಒಂದೊಂದೇ ತೊಳೆದೆ. ಎಷ್ಟು ಉಜ್ಜಿದರೂ ಹೋಗದ ಬಣ್ಣ ಎಂದು ಗಿರಾಕಿಗಳಿಗೆ ಹೇಳುವವಳು ನಾನೇ. ಹೌದು, ಹೋಗುವುದಿಲ್ಲ. ಒಡೆಯೋಣವೆಂದರೆ ಅವ್ವನ ಮುಖ, ಕೆರೆಗೆ ಬಿಡೋಣವೆಂದರೆ ಬೇಸಿಗೆ. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆ. ಯಾರಿಗೂ ಬೇಡವಾದ ಮೇಲೆ ಅವು ನನ್ನ ಮನೆಗೇ ಬರಬೇಕು.

ಹೊರಡುವಾಗ ಅಣ್ಣ ಗೇಟಿನವರೆಗೆ ಬಂದ. ಜನ ಇಲ್ಲದ್ದು ನೋಡಿಕೊಂಡು ಹತ್ತಿರ ನಿಂತ.

"ಬೇಜಾರು ಮಾಡ್ಕಬ್ಯಾಡ ಕಣಮ್ಮ. ಅಷ್ಟು ಜನದ ಮುಂದೆ ನಾನು ಅಂಗನ್ಲೇಬೇಕಾಗಿತ್ತು."

"ನೀನೇನು ಸುಳ್ಳು ಹೇಳ್ಲಿಲ್ಲವಲ್ಲ ಅಣ್ಣ. ಮೂರು ವರ್ಷದಾಗೆ ನಿನ್ನ ಬಾಯಾಗೆ ಬಂದಿದ್ದ ನಿಜ ಅದೊಂದೇ."

ಅವನು ನನ್ನ ಮುಖ ನೋಡಿದ. ನಾನು ಸಮಾಧಾನವಾಗಿದ್ದೇನೆ ಎಂದುಕೊಂಡಿರಬೇಕು. ಸದ್ಯ ಎನ್ನುವಂತೆ ಉಸಿರು ಬಿಟ್ಟು, ಉಳಿದಿದ್ದ ಒಂದು ಪೆಟ್ಟಿಗೆಯನ್ನು ಎತ್ತಿ ಕಾರಿನ ಹಿಂದೆ ಇಟ್ಟ.