ಕೊನೆಯ ಸರದಿಯ ಚಿಕ್ಕಪ್ಪ

ಟರ್ರ್… ಟರ್ರ್… ಟರ್‌ರ್‌ರ್! ತಾಯಲೂರಿನ ಆ ಮನೆಯ ಕೊಟ್ಟಿಗೆಯಿಂದ ಪ್ರತಿ ಭಾನುವಾರ ಬೆಳಿಗ್ಗೆ ಈ ಸದ್ದು ಕೇಳುತ್ತದೆ. ಆಂಜಿನಪ್ಪ ತಾತ ತಮ್ಮ ಹಳೆಯ ಟಿವಿಎಸ್ ಗಾಡಿಯ ಪೆಡಲ್ ತುಳಿದು ಅದಕ್ಕೆ ಉಸಿರು ಕೊಡುವ ಸದ್ದು. ಕಣ್ಣು ಮಂಜಾದ ಮೇಲೆ ಅವರು ಓಡಿಸುವುದನ್ನು ಬಿಟ್ಟಿದ್ದರು, ತುಳಿಯುವುದನ್ನು ಬಿಟ್ಟಿರಲಿಲ್ಲ.

ಈ ಸಲ ಹೊಸತೊಡಕಿನ ಇಸ್ಪೀಟಿನಲ್ಲಿ ಗೆದ್ದವರಿಗೆ ಆ ಗಾಡಿ ಎಂದು ತಾತ ಸಾರಿದಾಗ ಮೊಮ್ಮಗಳು ಶ್ವೇತಳ ಕಿವಿ ನೆಟ್ಟಗಾಯಿತು. ಮುಳಬಾಗಿಲಿನ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಬೆಳಗಿನ ಬಸ್ಸು ತಪ್ಪಿದರೆ ತಡ. ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದಿದ್ದರು ಅಂಗಡಿಯವರು.

ಆ ಮನೆಗೆ ಪೋಕರ್ ತಂದವರು ಗಂಗಾಧರ್ ಚಿಕ್ಕಪ್ಪ. ಕೈಯಲ್ಲಿ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ, ಪಣಕ್ಕೆ ಹುಣಸೆ ಬೀಜ. ಎರಡು ವರ್ಷದಿಂದ ಭಾನುವಾರ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಚಾಪೆ ಬಿದ್ದೇ ಬೀಳುತ್ತಿತ್ತು. ಶ್ವೇತ ಕಾಫಿ ಕೊಟ್ಟು ನಿಂತು ನೋಡುವಳು. ಆಮೇಲೆ ಒಳಗೆ ಹೋಗಿ, ಮಾತ್ರೆ ಡಬ್ಬಿಯ ರಟ್ಟು ಬಿಚ್ಚಿ ಒಳಮೈ ಮೇಲೆ ಗೆರೆ ಎಳೆಯುವಳು. ಯಾರು ಎಲ್ಲಿ ಕೂತಾಗ ಆಟ ಬಿಟ್ಟು ಎಲೆ ಕೆಳಗಿಟ್ಟು ‘ಪ್ಯಾಕ್’ ಅಂದರು ಎಂಬ ಲೆಕ್ಕ ಅದು.

ಮೊದಲ ಆರು ತಿಂಗಳ ಗೆರೆಗಳೆಲ್ಲ ದಂಡವಾದವು. ನೆರಳು ಸರಿದಂತೆ ಚಾಪೆ ಸರಿಯುತ್ತದೆ, ಚಾಪೆ ಸರಿದಂತೆ ಜನ ಜಾಗ ಬದಲಿಸುತ್ತಾರೆ. ಅವಳು ಮರದ ಕಡೆ, ಬಾವಿಯ ಕಡೆ ಎಂದು ಬರೆದಿಟ್ಟಿದ್ದಳು! ಕೂತ ಜಾಗವಲ್ಲ, ಪಣ ಕಟ್ಟುತ್ತೇನೋ ಬಿಡುತ್ತೇನೋ ಎಂದು ಮಾತಾಡುವ ಸರದಿ ಮುಖ್ಯ ಎಂದು ಹೊಳೆದ ದಿನ ಹೊಸ ರಟ್ಟು ತೆಗೆದಳು. ಆಗ ಚಿಕ್ಕಪ್ಪ ಗಾಜಿನಂತೆ ಕಂಡರು. ಮೊದಲು ಮಾತಾಡಬೇಕಾದ ನಲವತ್ತು ಸಲದಲ್ಲಿ ಮೂವತ್ತಮೂರು ಸಲ ಪ್ಯಾಕ್. ಕೊನೆಯಲ್ಲಿ ಮಾತಾಡಿದ ನಲವತ್ತರಲ್ಲಿ ಬರೀ ಆರು. ಎಲ್ಲರ ಮುಖ ನೋಡಿಯಾದ ಮೇಲೆ ಅವರಿಗೆ ಒಳ್ಳೆ ಎಲೆಯೇ ಬೇಕಿರಲಿಲ್ಲ.

ಯುಗಾದಿಯ ಮರುದಿನ, ಹೊಸತೊಡಕಿನಂದು, ಒಳಗೆ ಮಟನ್ ಸಾರು ಕುದಿಯುತ್ತಿರುವಾಗ, ಶ್ವೇತ ಹೋಗಿ ಚಾಪೆಯ ಮೇಲೆ ಕೂತಳು.

“ಏನ್ಲಾ ಶಿವ, ಕಾಫಿ ತರೋರೂ ಆಡ್ತಾರಂತೆ!” ಎಂದರು ಚಿಕ್ಕಪ್ಪ ಮಗನಿಗೆ.

“ಆಡ್ಲಿ ಬಿಡಪ್ಪ. ಬೀಜ ನಮ್ಗೇ ತಾನೇ ಬರೋದು,” ಎಂದ ಶಿವಶಂಕರ.

ತಾತ ಎಲೆ ಹಂಚಿದರು. ಗಂಟೆ ಕಳೆಯುವಷ್ಟರಲ್ಲಿ ಶಿವಶಂಕರನ ಮುಂದೆ ಒಂದು ಹಿಡಿ ಉಳಿದಿತ್ತು. ಶ್ವೇತ ಮತ್ತು ಚಿಕ್ಕಪ್ಪನ ರಾಶಿಗಳು ಸಮಸಮ.

“ಸಾರು ಇಳಿಸ್ತಾ ಇದೀನಿ ಕಣ್ರೋ! ಇದೇ ಕೊನೇ ಆಟ!” ಅಕ್ಕಯಮ್ಮ ಅಜ್ಜಿಯ ಕೂಗು ಬಂತು. ಸಾರು ಇಳಿದಾಗ ಯಾರ ಮುಂದೆ ಹೆಚ್ಚು ಬೀಜವೋ ಅವರದೇ ಗೆಲುವು, ಅದು ಆ ಮನೆಯ ಕಟ್ಟಳೆ.

ಶ್ವೇತಳ ಕೈಯಲ್ಲೊಂದು ಒಂಬತ್ತು, ನಡುವೆ ಇನ್ನೊಂದು, ಅಂದರೆ ಒಂದು ಜೋಡಿ. ಆದರೆ ಅಲ್ಲೇ ಎಕ್ಕ, ರಾಣಿ ಕೂಡ ಹಲ್ಲು ಕಿರಿಯುತ್ತಿದ್ದವು; ಅವುಗಳ ಜೊತೆ ಯಾರ ಕೈಯಲ್ಲಿದ್ದರೂ ಆ ಜೋಡಿಯೇ ದೊಡ್ಡದು. ಸರದಿ ಅವಳಿಂದಲೇ ಶುರು. ಬೀಜ ಮುಟ್ಟದೆ ಚಾಪೆ ತಟ್ಟಿ ಸರದಿಯನ್ನು ಮುಂದಕ್ಕೆ ಬಿಟ್ಟಳು. ಶಿವಶಂಕರ ಪ್ಯಾಕ್. ಕೊನೆಯ ಸರದಿ ಚಿಕ್ಕಪ್ಪನದು. ಅವರು ರಾಶಿಯನ್ನೇ ನಡುವಿಗೆ ತಳ್ಳಿದರು.

“ಪ್ಯಾಕ್ ಮಾಡಮ್ಮ ಶ್ವೇತಾ. ನನ್ ಹತ್ರ ಎಕ್ಕ ಐತೆ. ಬೇಕಿದ್ರೆ ವಾರಕ್ಕೊಂದ್ಸಲ ಗಾಡಿ ಹಿಂದೆ ಕೂರಿಸ್ಕೊಂಡು ಹೋಗ್ತೀನಿ.”

ಸೋತರೆ ಶ್ವೇತ ನಾಳೆಯೂ ಬಸ್ಸಿನ ದಾರಿ ಕಾಯಬೇಕು. ಕಣ್ಣಮುಂದೆ ರಟ್ಟಿನ ಮೇಲಿನ ಆರೇ ಆರು ಗೆರೆಗಳು ಬಂದವು. ಎರಡೂ ಅಂಗೈ ಅಗಲಿಸಿ ಬೀಜಗಳನ್ನೆಲ್ಲ ತಳ್ಳಿದಳು.

ಚಿಕ್ಕಪ್ಪ ಎಲೆ ತಿರುಗಿಸಲಿಲ್ಲ. ತಾತನೇ ಎತ್ತಿ ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದು ನೋಡಿದರು.

“ಏಳು, ನಾಲ್ಕು! ಒಂದ್ ಜೋಡೀನೂ ಇಲ್ಲ! ಇದನ್ನಿಟ್ಕೊಂಡು ಎಕ್ಕ ಅಂತೀಯೇನ್ಲಾ ಗಂಗಾಧರ!”

ಹೊಸ್ತಿಲಲ್ಲಿ ಸೌಟು ಹಿಡಿದು ನಿಂತ ಅಜ್ಜಿ ಬಿದ್ದು ಬಿದ್ದು ನಕ್ಕರು. ತಾತ ಉಡಿದಾರದಿಂದ ಕೀಲಿ ಬಿಚ್ಚಿ ಮೊಮ್ಮಗಳ ಕೈಗಿಟ್ಟರು.

“ಎಲೆ ಕದ್ದು ನೋಡಿದ್ಯೇನೇ?” ಎಂದರು ಚಿಕ್ಕಪ್ಪ, ಇನ್ನೂ ನಂಬಲಾರದೆ.

“ಇಲ್ಲ ಚಿಕ್ಕಪ್ಪ, ನಿಮ್ ಸರದಿ ನೋಡ್ದೆ,” ಎಂದಳು ಶ್ವೇತ. ಅಷ್ಟರಲ್ಲಾಗಲೇ ಅವಳ ಕಾಲು ಕೊಟ್ಟಿಗೆಯ ಕಡೆ ತಿರುಗಿತ್ತು. “ನೀವು ಕೊನೇಲಿ ಮಾತಾಡೋ ಹಾಗಿದ್ರೆ ನಲವತ್ತರಲ್ಲಿ ಆರೇ ಸಲ ಪ್ಯಾಕ್, ಎಲೆ ಎಂಥದೇ ಇರ್ಲಿ!”